ಚಾರ್ಮಾಡಿಯವರೆಗೆ ಇಪ್ಪತ್ತೆರಡು

ಕೊಟ್ಟಿಗೆಹಾರ
12 ಫೆಬ್ರವರಿ 1959

ಸನತಣ್ಣನಿಗೆ ಪದ್ಮಳ ನಮಸ್ಕಾರ.

ಇಷ್ಟು ದಿನ ಸುಮ್ಮನಿದ್ದವಳು ಈಗ ಬರೆದಿದ್ದಾಳೆ ಎಂದರೆ ಏನೋ ಕೆಲಸ ಉಂಟು ಎಂದು ಕವರು ಒಡೆಯುವ ಮೊದಲೇ ನೀನು ಹೇಳಿರುತ್ತೀಯ. ಹೌದು, ಉಂಟು. ನಮ್ಮ ಅಕ್ಕಿ ಮಿಲ್ಲಿಗೆ ಹೊಸ ಎಂಜಿನ್ ತರಿಸುತ್ತಿದ್ದೇವೆ. ಹಳೆಯದು ಕೆಮ್ಮಿ ಕೆಮ್ಮಿ ಸಂಕ್ರಾಂತಿಯ ಹೊತ್ತಿಗೆ ಪೂರ್ತಿ ನಿಂತಿತು. ಹೊಸದು ಬೊಂಬಾಯಿಯಿಂದ ಹಡಗಿನಲ್ಲಿ ಮಂಗಳೂರಿಗೆ ಬರುತ್ತದೆ. ಅಲ್ಲಿಂದ ಘಾಟಿ ಹತ್ತಿಸಿ ನಮ್ಮ ಬಾಗಿಲಿಗೆ ಇಳಿಸುವ ಕೆಲಸವನ್ನು ನಿನ್ನ ಕಂಪೆನಿಗೇ ಕೊಡಬೇಕೆಂದು ಹಟ ಹಿಡಿದವಳು ನಾನು. ಭಾರದ ಯಂತ್ರಗಳನ್ನು ಎಲ್ಲಿ ಬಿಚ್ಚಬೇಕು, ಯಾವುದರ ಮೇಲೆ ಯಾವುದನ್ನು ಹೇರಬೇಕು ಎಂದು ಲೆಕ್ಕ ಹಾಕುವುದರಲ್ಲಿ ನನ್ನ ಅಣ್ಣನಷ್ಟು ಬಲ್ಲವರು ಬಂಟ್ವಾಳದಲ್ಲಿ ಇಲ್ಲ ಎಂದು ಇಲ್ಲಿ ಎಲ್ಲರ ಎದುರು ಹೇಳಿಬಿಟ್ಟಿದ್ದೇನೆ. ಮಾನ ಉಳಿಸು.

ಸಾಮಾನಿನ ಪಟ್ಟಿ ಇದರ ಜೊತೆಗಿದೆ. ಒಟ್ಟು ಇಪ್ಪತ್ತೆರಡು. ಮಳೆ ಹಿಡಿದರೆ ಲಾರಿ ಘಾಟಿ ಹತ್ತುವುದಿಲ್ಲ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಅದಕ್ಕೆ ಮೊದಲು ಎಂಜಿನ್ ಓಡಲೇಬೇಕು.

ನಿನ್ನ ಬಾವನ ಕೈಗೆ ಸ್ವಲ್ಪ ನೋವು. ಹಾಗಾಗಿ ಅವರು ಬರೆಯಬೇಕಾದ್ದನ್ನು ನಾನು ಬರೆಯುತ್ತಿದ್ದೇನೆ.

ಇನ್ನೊಂದು ಮಾತು. ಎಂಜಿನ್ನಿನ ಜೊತೆಗೆ ನೀನೂ ಬಾ. ವಸಂತಿಗೆ ನಾಲ್ಕು ತುಂಬಿತು. ನಮ್ಮ ಊರಿನಲ್ಲಿ ಸೋದರಮಾವ ಎಂದರೆ ಅರ್ಧ ಮನೆ, ಇವಳಿಗೆ ನೀನು ಬರೀ ಕವರಿನ ಮೇಲಿನ ಅಕ್ಷರ. ಮೊನ್ನೆ ಕೇಳುತ್ತಾಳೆ, "ಅಮ್ಮ, ಮಾಮ ಪೋಸ್ಟಾಫೀಸಿನಲ್ಲಿ ಇರುವುದಾ?" ಎಂದು. ನಗು ಬಂತು, ಆಮೇಲೆ ಬರಲಿಲ್ಲ.

ನಿನ್ನ ಪದ್ಮ

ಬಂಟ್ವಾಳ
21 ಫೆಬ್ರವರಿ 1959

ಚಿ. ಪದ್ಮ,

ಹದಿನೆಂಟು ಕುದುರೆಯ ಎಂಜಿನ್ ತರಿಸುವಷ್ಟು ದೊಡ್ಡವರಾಗಿದ್ದೀರಿ, ಇಲ್ಲಿ ನಾನು ಇನ್ನೂ ಎರಡು ಕಾಲಿನಲ್ಲೇ ಓಡಾಡುತ್ತಿದ್ದೇನೆ. ಬಾವನಿಗೆ ನನ್ನ ಅಭಿನಂದನೆ ಹೇಳು. ಕೈ ನೋವಿಗೆ ಬೆಳ್ತಂಗಡಿಯ ಪಂಡಿತರ ತೈಲ ಕಳಿಸುತ್ತೇನೆ, ದಿನಕ್ಕೆ ಎರಡು ಸಲ ಬಿಸಿ ಮಾಡಿ ತಿಕ್ಕಬೇಕು.

ನಿನ್ನ ಪಟ್ಟಿ ನೋಡಿ ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಧಣಿ ನಿತ್ಯಾನಂದರು ಬಂದು "ಏನು ಸನತ್, ತಂಗಿಯ ಮದುವೆ ಪುನಃ ಉಂಟಾ?" ಎಂದು ಕೇಳಿದರು. ನನ್ನ ಯೋಜನೆ ಹೀಗಿದೆ. ಮಂಗಳೂರಿನ ಧಕ್ಕೆಯಿಂದ ಬಂಟ್ವಾಳದ ಕಡವಿಗೆ ಮಹಮ್ಮದ್ ಕುಂಞಿಯವರ ದೋಣಿ. ಮಾರ್ಚ್ ಮುಗಿಯುವವರೆಗೆ ಹೊಳೆಯಲ್ಲಿ ಸಾಕಷ್ಟು ನೀರು ಇರುತ್ತದೆ, ಆಮೇಲೆ ದೋಣಿಯ ತಳ ಮರಳಿಗೆ ತಾಗುತ್ತದೆ. ಕಡವಿನಿಂದ ಚಾರ್ಮಾಡಿಗೆ ನಮ್ಮ ದೊಡ್ಡ ಲಾರಿ. ಚಾರ್ಮಾಡಿಯ ಶೆಡ್ಡಿನಲ್ಲಿ ಎಲ್ಲವನ್ನೂ ಇಳಿಸಿ, ಎಣಿಸಿ, ಉಸ್ಮಾನನ ಎರಡು ಸಣ್ಣ ಲಾರಿಗಳಿಗೆ ಹೇರುವುದು. ಘಾಟಿಗೆ ದೊಡ್ಡ ಲಾರಿ ಬೇಡ ಎಂಬ ಈ ನಿಯಮ ನಾನು ಮಾಡಿದ್ದು. ಈಗ ಬೇರೆ ಕಂಪೆನಿಯವರೂ ಅದನ್ನೇ ಅನುಸರಿಸುತ್ತಾರೆ, ನನ್ನ ಹೆಸರು ಮಾತ್ರ ಹೇಳುವುದಿಲ್ಲ.

ಫ್ಲೈವೀಲು ಎರಡೂ ಒಂದೇ ಲಾರಿಯಲ್ಲಿ ಹೋಗಬಾರದು. ಒಂದೊಂದು ಎಂಟುನೂರು ರಾತಲು. ಒಂದಕ್ಕೊಂದು ಸೇರುವ ಭಾಗಗಳಿಗೆ ಕೆಂಪು ಬಣ್ಣದಲ್ಲಿ ಒಂದೇ ನಂಬರು ಬರೆಸುತ್ತೇನೆ. ಕಣ್ಣು ಮುಚ್ಚಿ ಜೋಡಿಸಿದರೂ ಎಂಜಿನ್ ಎದ್ದು ನಿಲ್ಲಬೇಕು, ಹಾಗೆ ಮಾಡಿ ಕಳಿಸುತ್ತೇನೆ. ಅಲ್ಲಿಗೆ ನಾನು ಬರುವ ಅಗತ್ಯವೇ ಬೀಳುವುದಿಲ್ಲ.

ಒಂದು ಉಪಕಾರ ಆಗಬೇಕು. ಏಳನೆಯ ತಿರುವಿನಲ್ಲಿ ಹೊಸ ಗೋಡೆ ಕಟ್ಟಿದ್ದಾರಂತೆ. ಈಗ ರಸ್ತೆ ಎಷ್ಟು ಅಡಿ ಉಳಿದಿದೆ ಎಂದು ಬಾವನಿಂದ ಅಳೆಸಿ ಬರೆ.

ವಸಂತಿಗೆ ಮಾಮ ಪೋಸ್ಟಾಫೀಸಿನ ಹತ್ತಿರವೇ ಇರುವುದು ಎಂದು ಹೇಳು, ಸುಳ್ಳಲ್ಲ.

ಸನತ್‌ಕುಮಾರ

ಕೊಟ್ಟಿಗೆಹಾರ
6 ಮಾರ್ಚ್ 1959

ಅಣ್ಣ,

ಹತ್ತೊಂಬತ್ತು ಅಡಿ. ಗೋಡೆಯ ಬುಡದಿಂದ ಚರಂಡಿಯ ಅಂಚಿಗೆ. ಬಾವಿಯ ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿಕೊಂಡು ಹೋಗಿದ್ದೆ. ಘಾಟಿ ಇಳಿದದ್ದು ಲಾರಿಯಲ್ಲಿ, ಹತ್ತಿದ್ದು ಬಸ್ಸಿನಲ್ಲಿ. ಅಳೆದದ್ದು ನಾನು, ಹಗ್ಗದ ಆಚೆ ತುದಿ ಹಿಡಿದು ನಿಂತದ್ದು ವಸಂತಿ. ಎರಡು ಸಲ ಅಳೆದಿದ್ದೇವೆ, ಅನುಮಾನ ಬೇಡ.

ನೀನು 'ಏಳನೆಯ ತಿರುವು' ಎಂದು ಬರೆದೆ. ನಮ್ಮ ದೊಡ್ಡಣ್ಣ ಮಹಾವೀರಣ್ಣ ಲಾರಿ ಉರುಳಿ ಹೋದ ತಿರುವು ಎಂದು ಬರೆಯಲಿಲ್ಲ. ನಾನೂ ಮೊದಲ ಸಲ ಅಲ್ಲಿ ಕಾಲಿಟ್ಟದ್ದು. ಬಸ್ಸಿನಲ್ಲಿ ಹೋಗುವಾಗ ಪ್ರತಿ ಸಲ ಕಣ್ಣು ಮುಚ್ಚುತ್ತಿದ್ದೆ. ಅಣ್ಣ, ಅಲ್ಲಿ ಏನೂ ಇಲ್ಲ. ಹುಲ್ಲು ಬೆಳೆದಿದೆ. ಒಂದು ದನ ಮೇಯುತ್ತಿತ್ತು. ಏಳು ವರ್ಷ ನಾವು ಹೆದರಿದ ಜಾಗ ಅದು, ಮಗು ಅಲ್ಲಿ ಕೂತು ಬೆಲ್ಲ ತಿಂದಳು.

ತೈಲ ತಲುಪಿತು. ಪ್ರಯೋಜನವಿಲ್ಲ.

ಎಂಜಿನ್ ಯಾವಾಗ?

ಪದ್ಮ

ಬಂಟ್ವಾಳ
18 ಏಪ್ರಿಲ್ 1959

ಪದ್ಮ,

ಹಡಗು ತಡವಾಯಿತು. ಮಾರ್ಚ್ ಕೊನೆಗೆ ಬರಬೇಕಾದದ್ದು ಏಪ್ರಿಲ್ ಕೊನೆಗೆ ಎಂದು ಈಗ ತಂತಿ ಬಂದಿದೆ. ಹೊಳೆ ಬತ್ತಿತು, ದೋಣಿಯ ಯೋಜನೆ ನೀರಿಲ್ಲದೆ ಹೋಯಿತು. ಇನ್ನು ಧಕ್ಕೆಯಿಂದಲೇ ಲಾರಿ, ಬಂಟ್ವಾಳದ ಸೇತುವೆಯ ಮೇಲೆ. ಮೇ ಹತ್ತರೊಳಗೆ ಚಾರ್ಮಾಡಿಗೆ ಮುಟ್ಟಿಸುತ್ತೇನೆ. ಇದೆಲ್ಲ ಬರೆಯಲು ಈ ಕಾಗದ ಹಿಡಿದದ್ದಲ್ಲ.

ನಿನ್ನೆ ಉಸ್ಮಾನ ಕೊಟ್ಟಿಗೆಹಾರಕ್ಕೆ ಗೊಬ್ಬರ ಇಳಿಸಿ ಬಂದ. ಆಫೀಸಿನ ಮೆಟ್ಟಿಲಿನ ಮೇಲೆ ನಿಂತು, ಎಲ್ಲ ಹಮಾಲಿಗಳು ಕೇಳುವ ಹಾಗೆ ಕೂಗಿದ: "ಸನತಣ್ಣ, ನೀವು ಎಂಥ ಅಣ್ಣ ಮಾರಾಯ್ರೆ? ಬಾವನಿಗೆ ಬಲಗೈಯೇ ಇಲ್ಲ. ಮಣಿಕಟ್ಟಿನಿಂದ ಕೆಳಗೆ ಇಲ್ಲ. ನೀವು ಇಲ್ಲಿ ಕೂತು ತೈಲ ಕಳಿಸ್ತೀರಿ!"

ಸ್ವಲ್ಪ ನೋವು ಎಂದು ಬರೆದೆಯಲ್ಲ ಪದ್ಮ. ಇದು ಸ್ವಲ್ಪವಾ? ನಾನು ಇಲ್ಲದ ಕೈಗೆ ತೈಲ ತಿಕ್ಕಲು ಹೇಳಿದೆ. ನಾಚಿಕೆಯಿಂದ ಊಟ ಇಳಿಯಲಿಲ್ಲ. ಸಿಟ್ಟೂ ಬಂದಿದೆ, ಅದನ್ನು ಬಚ್ಚಿಡುವುದಿಲ್ಲ. ಏನಾಯಿತು, ಯಾವಾಗ ಆಯಿತು, ಯಾಕೆ ನನಗೆ ಹೇಳಲಿಲ್ಲ, ಒಂದನ್ನೂ ಬಿಡದೆ ಬರೆ.

ಸನತ್

ಕೊಟ್ಟಿಗೆಹಾರ
25 ಏಪ್ರಿಲ್ 1959

ಅಣ್ಣ,

ಒಂದನ್ನೂ ಬಿಡದೆ ಬರೆಯುತ್ತೇನೆ.

ಡಿಸೆಂಬರ್ ಹದಿನೆಂಟು. ಬೆಲ್ಟು ಜಾರಿತು, ಇವರು ಓಡುತ್ತಿದ್ದ ಎಂಜಿನ್ನಿಗೇ ಕೈ ಹಾಕಿದರು. ಒಂದೂವರೆ ತಿಂಗಳು ಚಿಕ್ಕಮಗಳೂರಿನ ಆಸ್ಪತ್ರೆ. ಜೀವ ಉಳಿಯಿತು. ಸಂಕ್ರಾಂತಿಗೆ ಹಳೆಯ ಎಂಜಿನ್ ನಿಂತ ಮರುವಾರವೇ ಇವರ ಅಣ್ಣ ಜಿನರಾಜರು ಬಂದು, ಒಂದು ಕೈಯವನು ಮಿಲ್ಲು ನಡೆಸುವುದು ಹೇಗೆ, ಕಟ್ಟಡವನ್ನು ಕಾಫಿ ಗೋದಾಮು ಮಾಡುವ, ನೀವು ಹಿಂದಿನ ಕೋಣೆಯಲ್ಲಿ ಇದ್ದುಕೊಳ್ಳಿ, ಊಟಕ್ಕೆ ಏನೂ ಕಡಿಮೆ ಮಾಡುವುದಿಲ್ಲ ಎಂದರು. ಊಟಕ್ಕೆ ಕಡಿಮೆ ಮಾಡುವುದಿಲ್ಲ! ಆ ಮಾತು ಕೇಳಿದ ದಿನವೇ ಹೊಸ ಎಂಜಿನ್ ತರಿಸುವುದೆಂದು ಮಾಡಿದೆ. ಅಮ್ಮ ಕೊಟ್ಟ ಬಂಗಾರ ಪೂರ್ತಿ ಅದಕ್ಕೆ ಹೋಗಿದೆ. ಈಗ ನನ್ನ ಕುತ್ತಿಗೆಯಲ್ಲಿ ಕರಿಮಣಿ ಮಾತ್ರ ಉಂಟು.

ಇಲ್ಲಿನ ಹಿರಿಯರು ಮೇ ಇಪ್ಪತ್ತಕ್ಕೆ ಕೂರುತ್ತಾರೆ. ಅಷ್ಟರಲ್ಲಿ ಎಂಜಿನ್ ಓಡಿದರೆ ಮಿಲ್ಲು ಇವರ ಪಾಲಿಗೆ. ಆದರೆ ಜಿನರಾಜರು ಎಂಜಿನ್ನಿನ ದುಡ್ಡೂ ಮನೆಯದೇ ಎನ್ನುತ್ತಿದ್ದಾರೆ. ಬಂಗಾರ ಅಮ್ಮನ ಕೈಯಿಂದ ಬಂದದ್ದು ಎಂದು ಹೇಳಲು ನನ್ನ ತವರಿನ ಗಂಡಸು ಎದುರು ಬಂದು ನಿಲ್ಲಬೇಕಂತೆ. ಕಾಗದ ಯಾರು ಬೇಕಾದರೂ ಬರೆಯಬಹುದು, ಮನುಷ್ಯ ಬರಲಿ ಎಂದಿದ್ದಾರೆ. ನಮ್ಮ ಊರಿನಲ್ಲಾದರೆ ಮನೆಯೇ ಹೆಣ್ಣಿನದು. ಇಲ್ಲಿ ನಾನು ಘಾಟಿ ಹತ್ತಿ ಬಂದ ಸಾಮಾನು.

ಯಾಕೆ ಹೇಳಲಿಲ್ಲ ಎಂದು ಕೇಳಿದೆಯಲ್ಲ. ಹೇಳಿದ್ದರೆ ನೀನು ಕೂತು ಒಂದು ಯೋಜನೆ ಹಾಕುತ್ತಿದ್ದೆ. ನನ್ನ ಕಷ್ಟಕ್ಕೂ ಕೆಂಪು ಬಣ್ಣದಲ್ಲಿ ನಂಬರು ಬರೆದು ಕಳಿಸುತ್ತಿದ್ದೆ. ಎಂಜಿನ್ನಿನ ನೆಪದಲ್ಲಾದರೂ ನೀನಾಗಿಯೇ ಬರುತ್ತೀಯ ಎಂದು ಕಾದೆ. ಇನ್ನು ನೆಪ ಬೇಡ. ನನಗೆ ನೀನು ಬೇಕು. ಮೇ ಇಪ್ಪತ್ತಕ್ಕೆ ಬಾ.

ಪದ್ಮ

ಬಂಟ್ವಾಳ
1 ಮೇ 1959

ಪದ್ಮ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಬರುತ್ತೇನೆ ಎಂದು ಬರೆಯಲು ಆಗುತ್ತಿಲ್ಲ.

ನನ್ನ ವ್ರತ ನಿನಗೆ ಗೊತ್ತು. ಮಹಾವೀರಣ್ಣ ಹೋದ ವರ್ಷ ದೀಪಾವಳಿಗೆ ಮೂಡುಬಿದಿರೆಯ ಬಸದಿಯಲ್ಲಿ ಅಮ್ಮ ನನ್ನಿಂದ ದೇಶವ್ರತ ಹಿಡಿಸಿದಳು. ಬಡಗಿಗೆ ಮೂಡುಬಿದಿರೆ, ಪಡುವಲಿಗೆ ಬಂಟ್ವಾಳದ ಸೇತುವೆ, ತೆಂಕಿಗೆ ನೆರಿಯ, ಮೂಡಲಿಗೆ ಚಾರ್ಮಾಡಿ. ಇದರ ಆಚೆಗೆ ಕಾಲಿಡುವುದಿಲ್ಲ ಎಂದು ಮುನಿಗಳ ಎದುರು ಕೈ ಮುಗಿದು ಹೇಳಿದವನು ನಾನು. ಮಂಗಳೂರಿನ ಧಕ್ಕೆಯನ್ನೂ ಏಳು ವರ್ಷದಿಂದ ನೋಡಿಲ್ಲ. ಅಲ್ಲಿನ ಕ್ರೇನು ಎಷ್ಟೆತ್ತರ ಎಂದು ಮಹಮ್ಮದ್ ಕುಂಞಿಯವರನ್ನು ಕೇಳಿ ಬರೆದುಕೊಳ್ಳುತ್ತೇನೆ.

ಸುಮ್ಮನೆ ಕೂರಲಿಲ್ಲ. ಮೊನ್ನೆ ಮೂಡುಬಿದಿರೆಗೆ ಹೋಗಿ ಶಾಸ್ತ್ರ ಬಲ್ಲ ಹಿರಿಯರೊಬ್ಬರನ್ನು ಕೇಳಿದೆ. ಪಡುವಲಿನಲ್ಲಿ ಬಂಟ್ವಾಳವನ್ನು ಬಿಟ್ಟುಕೊಟ್ಟು, ಅಷ್ಟೇ ಮೈಲಿಯನ್ನು ಮೂಡಲಿಗೆ ಸೇರಿಸಿಕೊಳ್ಳಬಹುದೇ ಎಂದು. ಅವರು ನಕ್ಕರು. "ನೀನು ಲಾರಿಯ ಲೆಕ್ಕ ಹಾಕುವವನಲ್ಲವಾ? ಇಲ್ಲಿ ಇಳಿಸಿ ಅಲ್ಲಿ ಹೇರ್ಲಿಕ್ಕೆ ಎಲ್ಲೆ ಸರಕಲ್ಲ ಮಗಾ. ಹಾಗೆ ಕೇಳುವುದೇ ಒಂದು ದೋಷ" ಎಂದರು.

ಅದಕ್ಕೆ ಹೀಗೆ ಮಾಡುವ. ಧಣಿಗಳ ಸಹಿ ಹಾಕಿಸಿ ಒಂದು ಪತ್ರ ಕಳಿಸುತ್ತೇನೆ. ಉಸ್ಮಾನ ಸಾಕ್ಷಿಗೆ ನಿಲ್ಲುತ್ತಾನೆ, ಅಮ್ಮ ಬಂಗಾರ ಕೊಟ್ಟದ್ದು ಅವನಿಗೂ ಗೊತ್ತುಂಟು. ಎಂಜಿನ್ ಮೇ ಹತ್ತಕ್ಕೆ ಚಾರ್ಮಾಡಿ, ಹನ್ನೊಂದಕ್ಕೆ ನಿಮ್ಮ ಬಾಗಿಲು. ನಾನು ಖುದ್ದಾಗಿ ಚಾರ್ಮಾಡಿಯಲ್ಲಿ ನಿಂತು ಒಂದೊಂದನ್ನೂ ಎಣಿಸುತ್ತೇನೆ. ಈ ಒಂದು ಕೆಲಸದಲ್ಲಿ ನಿನ್ನ ಅಣ್ಣ ತಪ್ಪುವುದಿಲ್ಲ.

ಸನತ್

ಕೊಟ್ಟಿಗೆಹಾರ
13 ಮೇ 1959

ಅಣ್ಣ,

ಈ ಕಾಗದವನ್ನು ಬಸ್ಸಿನ ಕಂಡಕ್ಟರ ಚನಿಯಪ್ಪನವರ ಕೈಯಲ್ಲಿ ಕೊಡುತ್ತಿದ್ದೇನೆ, ಅಂಚೆಗೆ ಕಾಯುವಷ್ಟು ದಿನವಿಲ್ಲ.

ನಿನ್ನ ಕೆಂಪು ನಂಬರುಗಳು ನಿಜಕ್ಕೂ ಚೆನ್ನಾಗಿವೆ. ಇವರು ಎಡಗೈಯಲ್ಲಿ ತೋರಿಸುತ್ತ ಹೋದರು, ಉಸ್ಮಾನ ಜೋಡಿಸುತ್ತ ಹೋದ, ನಾನು ಬೋಲ್ಟು ಕೊಡುತ್ತ ಹೋದೆ. ನಿನ್ನೆ ಸಂಜೆಗೆ ಎಂಜಿನ್ ಎದ್ದು ನಿಂತಿತು. ಫ್ಲೈವೀಲು ಮೇಲೆ ಕೂತಾಗ ಇವರು ಮಕ್ಕಳ ಹಾಗೆ ಅತ್ತರು. ಆಮೇಲೆ ನೋಡಿದರೆ ಹದಿನಾಲ್ಕನೆಯ ನಂಬರು ಇಲ್ಲ. ಎಂಜಿನ್ನಿಗೆ ಎಣ್ಣೆ ಕುಡಿಸುವ ಪಂಪು. ಎಲೆಯಡಿಕೆ ಪೆಟ್ಟಿಗೆಯಷ್ಟು ಸಣ್ಣ ಪೆಟ್ಟಿಗೆ, ಅದಿಲ್ಲದೆ ಇಷ್ಟು ದೊಡ್ಡ ಎಂಜಿನ್ ಬರೀ ಕಬ್ಬಿಣ.

ನಿನ್ನ ಪಟ್ಟಿಯಲ್ಲಿ ಹದಿನಾಲ್ಕರ ಎದುರು 'ತಲುಪಿತು' ಎಂದು ಗೀಟು ಉಂಟು. ಇಪ್ಪತ್ತೆರಡಕ್ಕೂ ಉಂಟು. ಉಸ್ಮಾನನೂ ನಾನೂ ಎರಡು ಲಾರಿಯನ್ನು ಗುಡಿಸಿ ನೋಡಿದೆವು. ಕೊನೆಗೆ ಉಸ್ಮಾನನೇ ತಲೆಗೆ ಕೈಹೊತ್ತು ಹೇಳಿದ: "ಅಕ್ಕ, ಸನತಣ್ಣ ಗೀಟು ಹಾಕುವುದು ದೊಡ್ಡ ಲಾರಿಯಿಂದ ಇಳಿಸುವಾಗ. ನನ್ನ ಲಾರಿಗೆ ಹೇರುವಾಗ ಅವರು ಇರಲೇ ಇಲ್ಲ."

ಆಗ ಅರ್ಥವಾಯಿತು. ನಿನಗೆ 'ತಲುಪಿತು' ಎಂದರೆ ಚಾರ್ಮಾಡಿಗೆ ತಲುಪಿತು. ಅದರ ಆಚೆ ಇರುವ ನಾವು ನಿನ್ನ ಪಟ್ಟಿಯಲ್ಲಿ ಇಲ್ಲ. ಘಾಟಿಗೆ ಸಣ್ಣ ಲಾರಿ ಎಂಬ ನಿನ್ನ ನಿಯಮವೂ ಘಾಟಿಗಾಗಿ ಮಾಡಿದ್ದಲ್ಲ. ನಿನಗೆ ನಿಲ್ಲಲು ಒಂದು ಕೊನೆ ಬೇಕಿತ್ತು, ಅಲ್ಲಿ ಎಲ್ಲರ ಸಾಮಾನನ್ನೂ ಇಳಿಸಿದೆ.

ಶಾಸ್ತ್ರ ನನಗೂ ಸ್ವಲ್ಪ ಗೊತ್ತು, ಅಮ್ಮನ ಪಕ್ಕದಲ್ಲಿ ಕೂತು ಕೇಳಿದ್ದೇನೆ. ದೇಶವ್ರತ ಹಿಡಿದವರು ಎಲ್ಲೆಯ ಆಚೆಯಿಂದ ವಸ್ತು ತರಿಸಬಾರದು, ಆಚೆಗೆ ಆಳನ್ನು ಕಳಿಸಬಾರದು, ಆಚೆಯವರನ್ನು ಕೂಗಬಾರದು, ಮುಖ ತೋರಿಸಿ ಸನ್ನೆ ಮಾಡಬಾರದು, ಒಂದು ಕಲ್ಲನ್ನೂ ಆಚೆಗೆ ಎಸೆಯಬಾರದು. ಇವೆಲ್ಲ ದೋಷ. ನೀನು ಏಳು ವರ್ಷದಿಂದ ಟನ್ನುಗಟ್ಟಲೆ ಕಬ್ಬಿಣವನ್ನು ಆಚೆಗೆ ಕಳಿಸುತ್ತಿದ್ದೀಯ. ನನ್ನನ್ನು ಮದುವೆ ಮಾಡಿ ಕಳಿಸಿದೆ. ಅಷ್ಟಾದರೂ ಒಡೆಯದ ವ್ರತ ನೀನು ತಂಗಿಯ ಮನೆಗೆ ಬಂದರೆ ಮಾತ್ರ ಒಡೆಯುತ್ತದಾ?

ಇನ್ನೊಂದನ್ನು ಬರೆದೇ ಬಿಡುತ್ತೇನೆ. ಅವತ್ತು ಬಸದಿಯಲ್ಲಿ ನಾನೂ ಇದ್ದೆ. ಅಮ್ಮ ಕೇಳಿದ್ದು ಒಂದು ವರ್ಷಕ್ಕೆ. ಅಮ್ಮ ಹೋಗಿಯೇ ನಾಲ್ಕು ವರ್ಷವಾಯಿತು. ಉಳಿದ ಆರು ದೀಪಾವಳಿಗೆ ವ್ರತ ಹಿಡಿಸಿದವರು ಯಾರು?

ಪೆಟ್ಟಿಗೆ ಹುಡುಕು. ಹುಡುಕಿ, ನೀನೇ ತೆಗೆದುಕೊಂಡು ಬಾ.

ಪದ್ಮ

ಚಾರ್ಮಾಡಿ, ಶೆಡ್ಡು
17 ಮೇ 1959

ಪದ್ಮ,

ಪೆಟ್ಟಿಗೆ ಸಿಕ್ಕಿತು. ಶೆಡ್ಡಿನ ಬಾಗಿಲ ಹಿಂದೆ, ಗೋಣಿಯ ಕೆಳಗೆ ಇತ್ತು. ಸಣ್ಣದು ತುಳಿದು ಹೋದೀತು ಎಂದು ಹಮಾಲಿ ತುಕ್ರಪ್ಪ ಜೋಪಾನ ಮಾಡಿ ಇಟ್ಟಿದ್ದನಂತೆ. ಅವನದೇನೂ ತಪ್ಪಿಲ್ಲ. ಹೇರುವಾಗ ನಾನು ಇದ್ದಿದ್ದರೆ ಕೇಳುತ್ತಿದ್ದೆ.

ನಾನು ಯಾಕೆ ಇರಲಿಲ್ಲ ಎಂದರೆ, ಅವತ್ತು ಇಳಿಸುವಾಗಲೇ ಐದು ಗಂಟೆ ದಾಟಿತ್ತು. ಹೊತ್ತು ಮುಳುಗಿದ ಮೇಲೆ ನಮ್ಮವರಿಗೆ ಊಟವಿಲ್ಲವಲ್ಲ. ಬೆಳ್ತಂಗಡಿಯ ಬಸ್ಸು ಹಿಡಿದರೆ ಸೂರ್ಯ ಇರುವಾಗಲೇ ಉಣ್ಣಬಹುದು ಎಂದು ಇಪ್ಪತ್ತೆರಡು ಗೀಟು ಹಾಕಿ ಓಡಿದೆ. ಉಣ್ಣಲು ಹೋದೆ, ಪದ್ಮ.

ಇದು ಎರಡನೆಯ ಸಲ. ಮೊದಲನೆಯ ಸಲದ್ದನ್ನು ಅಮ್ಮನಿಗೂ ಹೇಳಿಲ್ಲ. ಏಳು ವರ್ಷದ ಹಿಂದೆ ಘಾಟಿಯ ಮೇಲಕ್ಕೆ ಆ ಬಾಯ್ಲರು ಒಯ್ಯುವ ದಿನ ಮಹಾವೀರಣ್ಣ "ಸನತ್, ಎರಡು ಲಾರಿಗೆ ಹೇರುವ, ಭಾರ ಹೆಚ್ಚಾಯ್ತು" ಎಂದ. ನಾನು ಪೆನ್ಸಿಲು ಹಿಡಿದು ಲೆಕ್ಕ ತೋರಿಸಿ, ಒಂದರಲ್ಲೇ ಹೋಗುತ್ತದೆ ಎಂದೆ. ನಾನೂ ಅವನ ಪಕ್ಕದಲ್ಲೇ ಕೂತು ಹೊರಟವನು. ಇದೇ ಚಾರ್ಮಾಡಿಯಲ್ಲಿ ಹೊತ್ತು ಇಳಿಯುತ್ತಿತ್ತು, ಹಸಿವಾಗಿತ್ತು. ಇಬ್ಬರೂ ಇಳಿದು ಉಂಡು ಹೋಗುವ ಎಂದೆ. "ನೀನು ಉಣ್ಣು, ನನಗೆ ಇವತ್ತು ಉಪವಾಸ ಅಂತ ಲೆಕ್ಕ ಹಾಕು" ಎಂದು ನಗುತ್ತ ಗೇರು ಹಾಕಿದ. ನಾನು ಉಂಡೆ. ಕೈ ತೊಳೆಯುವಾಗ ಸುದ್ದಿ ಬಂತು.

ಹಾಗಾಗಿ ನೀನು ಬರೆದದ್ದು ಅರ್ಧ ನಿಜ. ಸಣ್ಣ ಲಾರಿ ಎರಡು ಬೇಕೆಂಬ ನಿಯಮ ಅವನದು, ಸತ್ತ ಮೇಲೆ ಅವನ ಮಾತು ನಡೆಸಿದೆ. ಉಳಿದರ್ಧ ನನ್ನದು. ಅಮ್ಮ ಒಂದೇ ವರ್ಷ ಕೇಳಿದ್ದು. ಆಮೇಲೆ ಪ್ರತಿ ದೀಪಾವಳಿಗೂ ಯಾರೂ ಹೇಳದೆ ನಾನೇ ಹೋಗಿ ಹಿಡಿದು ಬರುತ್ತಿದ್ದೆ. ಭಕ್ತಿಯಿಂದಲ್ಲ. ಏಳನೆಯ ತಿರುವನ್ನು ನೋಡದೆ ಬದುಕಲು ನನಗೆ ಒಂದು ಮರ್ಯಾದೆಯ ಕಾರಣ ಬೇಕಿತ್ತು. ಮೂಡುಬಿದಿರೆಯ ಹಿರಿಯರು ಇನ್ನೊಂದು ಮಾತನ್ನೂ ಹೇಳಿದ್ದರು, ನಿನಗೆ ಬರೆಯಲಿಲ್ಲ: "ದೀಪಾವಳಿಗೆ ಅದಾಗಿಯೇ ಮುಗಿಯುತ್ತದೆ. ಪುನಃ ಹಿಡಿಯಬೇಕು ಅಂತ ಯಾರು ಹೇಳಿದ್ದು?"

ಆದರೆ ಈಗ ಮೇ. ಕೊಟ್ಟ ಮಾತು ದೀಪಾವಳಿಯವರೆಗೆ ಉಂಟು. ಹೆದರಿ ಕೊಟ್ಟದ್ದಾದರೂ ಕೊಟ್ಟದ್ದೇ.

ಉಸ್ಮಾನ ಲಾರಿ ಹೊರಡಿಸಿ ಹಾರ್ನು ಒತ್ತುತ್ತಿದ್ದಾನೆ. ಬೆಳಿಗ್ಗೆಯಿಂದ ಮೂರು ಸಲ ಅವನ ಪಕ್ಕದಲ್ಲಿ ಹತ್ತಿ ಕೂತೆ, ಮೂರು ಸಲ ಇಳಿದೆ. ಅವನು ಮುಖ ತಿರುಗಿಸಿ ಬೀಡಿ ಹಚ್ಚಿದ. ಪೆಟ್ಟಿಗೆಯನ್ನು ನಾನು ಕೂತ ಜಾಗದಲ್ಲಿ ಇಟ್ಟು, ಉರುಳದ ಹಾಗೆ ನನ್ನ ಶಾಲು ಸುತ್ತಿದ್ದೇನೆ.

ನಿನಗೆ ಮುಖ ತೋರಿಸುವ ಯೋಗ್ಯತೆ ನನಗಿಲ್ಲ.

ಸನತ್

ಕೊಟ್ಟಿಗೆಹಾರ
23 ಮೇ 1959

ಅಣ್ಣನಿಗೆ,

ಹದಿನೆಂಟಕ್ಕೆ ಪಂಪು ಕೂರಿಸಿದೆವು. ಮೂರನೆಯ ಸಲ ತಿರುಗಿಸಿದಾಗ ಎಂಜಿನ್ ಹಿಡಿಯಿತು. ಇಪ್ಪತ್ತಕ್ಕೆ ಹಿರಿಯರು ಬಂದು ಕೂತಾಗ ಅದರ ಸದ್ದಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದೆ, ನಿಲ್ಲಿಸಬೇಕಾಯಿತು.

ತವರಿನವರು ಎಲ್ಲಿ ಎಂದು ಜಿನರಾಜರು ಕೇಳಿದರು. ಉಸ್ಮಾನ ಎದ್ದು ನಿಂತ. "ನಾನು ಬಂದಿದ್ದೇನೆ. ಅಕ್ಕನ ತಾಯಿ ರಾಜಮತಿಯಮ್ಮನ ಕೈಯ ಗಂಜಿ ಕುಡಿದು ಬೆಳೆದವ ನಾನು. ಬಂಗಾರ ತೂಗಿ ಕೊಡುವಾಗ ಬಾಗಿಲಲ್ಲಿ ನಿಂತಿದ್ದೆ" ಎಂದ. ಕೆಲವರು ನಕ್ಕರು, ಇಬ್ಬರು ನಗಲಿಲ್ಲ. ಆ ಇಬ್ಬರಿಂದಾಗಿ ಪೂರ್ತಿ ಕಳೆದುಕೊಳ್ಳಲಿಲ್ಲ. ಮಿಲ್ಲು ಕಾರ್ತಿಕ ಹುಣ್ಣಿಮೆಯವರೆಗೆ ನಮ್ಮ ಕೈಯಲ್ಲಿ. ಆವತ್ತು ಪುನಃ ಕೂರುತ್ತಾರೆ. ತವರಿನವರ ಸಹಿಯ ಜಾಗವನ್ನು ಖಾಲಿ ಬಿಟ್ಟಿದ್ದಾರೆ. ಅದು ತುಂಬದಿದ್ದರೆ ಎಂಜಿನ್ ಮನೆಯದು, ನಾವು ಹಿಂದಿನ ಕೋಣೆಗೆ.

ಮಹಾವೀರಣ್ಣನ ವಿಷಯ ಓದಿದೆ. ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅವನಿಗಾಗಿ ಅಲ್ಲ, ಉಂಡದ್ದಕ್ಕೂ ಅಲ್ಲ. ಏಳು ವರ್ಷ ಒಬ್ಬನೇ ಹೊತ್ತುಕೊಂಡು ನನಗೆ ತಮಾಷೆಯ ಕಾಗದ ಬರೆದದ್ದಕ್ಕೆ. ಕೊಟ್ಟ ಮಾತನ್ನು ಮುರಿ ಎಂದು ಇನ್ನು ಕೇಳುವುದಿಲ್ಲ. ಏನನ್ನೂ ಕೇಳುವುದಿಲ್ಲ. ಕೇಳಿ ಕೇಳಿ ನನಗೂ ಸಾಕಾಗಿದೆ.

ಸಾಮಾನು ತಲುಪಿದ ರಶೀದಿಯನ್ನು ಸಹಿ ಮಾಡಿ ಕಳಿಸಲು ನಿನ್ನ ಆಫೀಸಿನಿಂದ ಬರೆದಿದ್ದಾರೆ. ಕಳಿಸಿದ್ದೇನೆ, ನೋಡಿಕೋ.

ನಾನು ತರಿಸಿದ್ದು: ಇಪ್ಪತ್ತಮೂರು.
ಬಂದದ್ದು: ಇಪ್ಪತ್ತೆರಡು.
ಬಾಕಿ: ಒಂದು, ಚಾರ್ಮಾಡಿಯ ಶೆಡ್ಡಿನಲ್ಲಿ ಉಂಟು.

ಪದ್ಮಲತಾ

ಬಂಟ್ವಾಳ
14 ಆಗಸ್ಟ್ 1959 (ಕಾರ್ಡು)

ಪದ್ಮ, ಇದು ಮೂರನೆಯ ಕಾರ್ಡು. ಉತ್ತರವಿಲ್ಲ. ಇಲ್ಲಿ ನೆರೆ ನೀರು ಪೇಟೆಯೊಳಗೆ ಬಂದು ಹೋಯಿತು, ಆಫೀಸಿನ ಗೋಡೆಯಲ್ಲಿ ಕೆಸರಿನ ಗೆರೆ ಉಳಿದಿದೆ. ಘಾಟಿ ಎರಡು ಕಡೆ ಜರಿದಿದೆಯಂತೆ. ಎಂಜಿನ್ನಿಗೆ ತೇವ ತಾಗದ ಹಾಗೆ ನೋಡಿಕೊಳ್ಳಿ. ಧಣಿಗಳು ನಿನ್ನ ರಶೀದಿ ಓದಿ, ಒಂದು ಸಾಮಾನು ಯಾಕೆ ಕಡಿಮೆ ಬಿತ್ತು ಎಂದು ಕೇಳಿದರು. ವಿಚಾರಿಸುತ್ತಿದ್ದೇನೆ ಎಂದಿದ್ದೇನೆ. ವಸಂತಿಯ ಕೈಯಲ್ಲಾದರೂ ಒಂದು ಗೀಟು ಎಳೆಸಿ ಕಳಿಸು. ಸನತ್

ಬಂಟ್ವಾಳ
2 ನವೆಂಬರ್ 1959

ಪದ್ಮ,

ದೀಪಾವಳಿ ಕಳೆಯಿತು. ಈ ವರ್ಷ ನಾನು ಮೂಡುಬಿದಿರೆಗೆ ಹೋಗಲಿಲ್ಲ.

ಹೋಗಬಾರದು ಎಂದು ಧೈರ್ಯ ಮಾಡಿ ಉಳಿದದ್ದಲ್ಲ. ಬೆಳಿಗ್ಗೆ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟು ಬಸ್ಸಿಗೆ ನಿಂತೆ. ಬಸ್ಸು ಬಂತು, ನಿಂತಿತು, ಹೋಯಿತು. ಎರಡನೆಯದೂ ಹೋಯಿತು. ಮನೆಗೆ ಬಂದು ಪಂಚೆ ಮಡಚಿಟ್ಟೆ. ಏಳು ವರ್ಷ ಗೋಡೆಗೆ ಒರಗಿ ನಿಂತವನ ಹಿಂದಿನಿಂದ ಯಾರೋ ಗೋಡೆ ತೆಗೆದ ಹಾಗೆ ಆಯಿತು. ಈಗಲೂ ಆ ಹೆದರಿಕೆ ಉಂಟು. ಹೋದದ್ದು ವ್ರತ ಮಾತ್ರ.

ಘಾಟಿಯಲ್ಲಿ ಜರಿದದ್ದನ್ನು ತೆಗೆದಿದ್ದಾರೆ. ಗುರುವಾರ ಉಸ್ಮಾನನ ಲಾರಿ ಕೊಟ್ಟಿಗೆಹಾರಕ್ಕೆ ಬರುತ್ತದೆ. ಬರುವ ಸಾಮಾನಿನ ಪಟ್ಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ಒಂದೇ ಸಾಮಾನು. ತೂಕ ನೂರ ಇಪ್ಪತ್ತು ರಾತಲು, ಮಳೆಗಾಲದಲ್ಲಿ ಸ್ವಲ್ಪ ಇಳಿದಿದೆ. ಚಾರ್ಮಾಡಿಯಲ್ಲಿ ಇಳಿಸಬಾರದು, ಇಳಿಸು ಎಂದು ಸಾಮಾನೇ ಕೂಗಿಕೊಂಡರೂ ನಿಲ್ಲಿಸಬಾರದು ಎಂದು ಉಸ್ಮಾನನಿಗೆ ಹೇಳಿದ್ದೇನೆ. "ಬಾಗಿಲಿಗೆ ಹಗ್ಗ ಕಟ್ತೇನೆ, ಹೆದರ್ಬೇಡಿ" ಎಂದಿದ್ದಾನೆ. ಏಳನೆಯ ತಿರುವಿನಲ್ಲಿ ಮಾತ್ರ ಸ್ವಲ್ಪ ಹೊತ್ತು ನಿಲ್ಲುತ್ತೇವೆ. ಒಂದು ಹಿಡಿ ಅನ್ನ ಕಟ್ಟಿಕೊಂಡು ಬರುತ್ತೇನೆ, ಅಣ್ಣನಿಗೆ ಅವತ್ತು ಊಟ ಆಗಿರಲಿಲ್ಲ.

ಬಂದೇ ಬರುತ್ತೇನೆ ಎಂದು ಬರೆಯುವುದಿಲ್ಲ. ನನ್ನ 'ತಲುಪಿತು' ಎಷ್ಟು ನಂಬಿಕೆಗೆ ಯೋಗ್ಯ ಎಂದು ನಿನಗೆ ಗೊತ್ತು. ಪಟ್ಟಿಯಲ್ಲಿ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಗುರುವಾರ ಸಂಜೆ ಬಾಗಿಲಲ್ಲಿ ನಿಂತು ನೋಡು. ಸಾಮಾನು ಕಣ್ಣಿಗೆ ಬಿದ್ದ ಮೇಲೆ, ಗೀಟನ್ನು ನೀನೇ ಹಾಕು.

ಸನತಣ್ಣ